ಬಲಗೆನ್ನೆಯ ಮೊಡವೆಗಳು

ನಮ್ಮ ಅತ್ತೆ ಹೋಗುವಾಗ ಮೊಮ್ಮಗಳ ಮುಖದ ಮೊಡವೆಗಳನ್ನು ಸೆರಗಿಗೆ ಕಟ್ಟಿಕೊಂಡು ಹೋದರು ಎಂದು ತ್ಯಾವಣಿಗೆಯ ನಮ್ಮ ಬೀದಿಯವರು ಕೆಲವು ಕಾಲ ನಂಬಿದ್ದರು. ನಾನೂ ಅರ್ಧ ನಂಬಿದ್ದೆ. ಹಾಗೆ ನಂಬುವುದಕ್ಕೆ ದಾರಿ ಮಾಡಿಕೊಟ್ಟವರು ಅತ್ತೆಯೇ.

ಕಳೆದ ಬೇಸಿಗೆಯ ಮಾತು. ಮಗಳ ಎಸ್ಸೆಸ್ಸೆಲ್ಸಿ ಪರೀಕ್ಷೆ ಮುಗಿದಿತ್ತು. ನಡುಮನೆಯ ಕನ್ನಡಿ ಮುಂದೆ ನಿಂತು ಅವಳು ಕಣ್ಣೀರು ಹಾಕುತ್ತಿದ್ದಳು. ಅತ್ತೆ ಅಲ್ಲೇ ಕೂತು ಮೊರದಲ್ಲಿ ಅಕ್ಕಿ ಆರಿಸುತ್ತಿದ್ದರು.

"ಅಳಬ್ಯಾಡ ಕೂಸೇ. ನಾನು ಹೋಗಾ ಹೊತ್ನಾಗೆ ನಿನ್ನ ಗುಳ್ಳೆನೆಲ್ಲ ಸೆರಗಿಗೆ ಗಂಟು ಹಾಕ್ಕೊಂಡು ಹೋಗ್ತೀನಿ. ಅಲ್ಲಿ ಯಾರಿಗಾದ್ರೂ ಬೇಕಾದ್ರೆ ಹಂಚ್ತೀನಿ," ಎಂದರು.

ಮಗಳು ಮೂಗು ಒರೆಸಿಕೊಂಡು, "ಯಾವಾಗ ಹೋಗ್ತೀಯಜ್ಜಿ?" ಎಂದಳು.

ಅತ್ತೆ ಮೊರ ತೊಡೆಯ ಮೇಲಿಟ್ಟುಕೊಂಡೇ ನನ್ನ ಕಡೆ ತಿರುಗಿದರು. "ನೋಡವ್ವ ನಿನ್ನ ಮಗಳನ್ನ. ಒಂದು ಹಿಡಿ ಗುಳ್ಳಿಗೋಸ್ಕರ ಅಜ್ಜಿನ್ನೇ ಕಳಿಸಾಕೆ ನಿಂತಾಳೆ." ಮೂವರೂ ನಕ್ಕೆವು. ಅತ್ತೆ ನಕ್ಕಾಗ ಮೊರದಲ್ಲಿದ್ದ ಅಕ್ಕಿಯೂ ಅಲ್ಲಾಡುತ್ತಿತ್ತು. ಆ ಮಾತನ್ನು ಆಮೇಲೆ ಅವರೇ ಬೀದಿಗೆಲ್ಲ ಹೇಳಿ ನಗಿಸಿದರು.

ಅವರು ತೀರಿಕೊಂಡು ವರ್ಷವಾಗುತ್ತಾ ಬಂತು. ಬರೆಯುವುದು ನನಗೆ ರೂಢಿಯಿಲ್ಲ. ನ್ಯಾಮತಿಯಲ್ಲಿ ಪಿಯುಸಿ ಮುಗಿಸಿದ ಮೇಲೆ ಇಷ್ಟುದ್ದ ಬರೆದದ್ದು ಇದೇ ಮೊದಲು. ಅವರ ಬಗ್ಗೆ ದೊಡ್ಡ ಮಾತುಗಳನ್ನು ಬರೆಯಲು ಹೊರಟರೆ ಅದು ಬೇರೆ ಯಾರದೋ ಅತ್ತೆಯ ಹಾಗೆ ಆಗಿಬಿಡುತ್ತದೆ. ಮೊಡವೆಯ ಸುದ್ದಿ ತೆಗೆದರೆ ಮಾತ್ರ ಅವರು ಸರಿಯಾಗಿ ಕಾಣುತ್ತಾರೆ. ಅದಕ್ಕೇ ಅದನ್ನೇ ಬರೆಯುತ್ತಿದ್ದೇನೆ.

ಮಗಳಿಗೆ ಮೊಡವೆ ಶುರುವಾದದ್ದು ಹೈಸ್ಕೂಲಿನಲ್ಲಿ. ಮೊದಲು ಹಣೆಯ ಮೇಲೆ ಸಾಸಿವೆ ಕಾಳಿನಂಥವು. ಆಮೇಲೆ ಕೆನ್ನೆಗೆ ಇಳಿದವು, ದಪ್ಪಗಾದವು, ಕೆಲವು ಕೆಂಪಗೆ ಊದಿ ಮುಟ್ಟಿದರೆ ನೋಯುತ್ತಿದ್ದವು. ಕೊರೊನಾ ಕಾಲದಲ್ಲಿ ಎಲ್ಲರೂ ಹಾಕಿಕೊಂಡ ಮಾಸ್ಕನ್ನು ಊರೆಲ್ಲ ಬಿಟ್ಟರೂ ಇವಳು ಬಿಡಲಿಲ್ಲ. ಗಿರಣಿಗೆ ಊಟದ ಡಬ್ಬಿ ಕೊಡಲು ಹೋಗುವಾಗಲೂ ಮಾಸ್ಕ್. ನಮ್ಮದು ಹಿಟ್ಟಿನ ಗಿರಣಿ. ಅಲ್ಲಿ ಜೋಳ ಬೀಸಿಸಲು ಬಂದವರು, "ಹಿಟ್ಟಿನ ಧೂಳಿಗೆ ಹಾಕ್ಯಾಳೆ, ಶಾಣ್ಯಾ ಹುಡ್ಗಿ," ಎಂದು ಹೊಗಳುತ್ತಿದ್ದರು. ಅವಳಿಗೆ ಬೇಕಾಗಿದ್ದುದು ಒಂದೇ. ಜೂನಿನಲ್ಲಿ ಚನ್ನಗಿರಿಯ ಹೊಸ ಕಾಲೇಜಿಗೆ ಸೇರುವಾಗ ಮಾಸ್ಕ್ ಇಲ್ಲದ ಮುಖದಲ್ಲಿ ಹೋಗಬೇಕು. ಅಲ್ಲಿ ಅವಳ ಹಳೆಯ ಮುಖ ನೋಡಿದವರು ಯಾರೂ ಇರಲಿಲ್ಲ.

ಮೊಡವೆ ಯಾಕೆ ಬರುತ್ತದೆ ಎಂಬುದಕ್ಕೆ ನಮ್ಮ ನೆಂಟರಲ್ಲಿ ಊರಿಗೊಂದು ಕಾರಣವಿತ್ತು. ಅತ್ತೆಯ ತವರು ಜಗಳೂರು ಕಡೆ. ಅಲ್ಲಿನ ಬಿಸಿಲು ಕಂಡವರಿಗೆ ಲೋಕದ ಎಲ್ಲ ಕಾಯಿಲೆಯೂ ಉಷ್ಣದಿಂದಲೇ. ನೆತ್ತಿ ಕಾದರೆ ಮುಖದಲ್ಲಿ ಏಳುತ್ತದೆ, ಶೇಂಗಾ ತಿಂದರೆ ಇನ್ನೂ ಏಳುತ್ತದೆ. ಶೇಂಗಾ ಬೇಡ ಅನ್ನುತ್ತಲೇ ಅವರು ಹುರಿದ ಶೇಂಗಾವನ್ನು ತಮ್ಮ ಮಡಿಲಲ್ಲಿ ಇಟ್ಟುಕೊಂಡು ತಿನ್ನುತ್ತಿದ್ದರು. "ನನಗೆ ಏಳಾಕೆ ಇನ್ನೇನು ಉಳಿದೈತೆ?"

ನನ್ನ ತವರು ನ್ಯಾಮತಿ ತಾಲ್ಲೂಕಿನ ಗೋವಿನಕೋವಿ. ನನ್ನ ಅವ್ವನ ಪ್ರಕಾರ ಮೊಡವೆ ಹೊಟ್ಟೆಯಿಂದ ಬರುವುದು. ಫೋನು ಮಾಡಿದಾಗ ಮೊಮ್ಮಗಳಿಗೆ ಅವಳ ಮೊದಲ ಪ್ರಶ್ನೆಯೇ, "ಬೆಳಿಗ್ಗೆ ಹೊಟ್ಟಿ ಸಾಫಾತಾ?" ಮಗಳು ಫೋನನ್ನು ನನ್ನ ಕೈಗೆ ತುರುಕಿ ಓಡುತ್ತಿದ್ದಳು. ಉತ್ತರ ನಾನು ಕೊಡಬೇಕಾಗುತ್ತಿತ್ತು.

ನನ್ನ ನಾದಿನಿಯನ್ನು, ಅಂದರೆ ಅತ್ತೆಯ ಮಗಳನ್ನು, ಹೊನ್ನಾಳಿಗೆ ಕೊಟ್ಟಿದೆ. ಅವಳದು ಇನ್ನೊಂದು ಕಾರಣ. "ಯಾವನೋ ಕಣ್ಣು ಹಾಕ್ಯಾನೆ ಅತ್ತಿಗೆ. ನನಗೂ ಮದುವಿಗೆ ಮುಂಚೆ ಬಂದಿದ್ವು. ನಿಮ್ಮ ಮನಿ ಅಳಿಯಂದಿರು ನೋಡಿ ಹೋದ್ಮ್ಯಾಲೆ ಒಂದೂ ಉಳೀಲಿಲ್ಲ." ಆಮೇಲೆ ಅವಳೇ ಗುಳ್ಳೆಯ ಮೇಲೆ ಟೂತ್‌ಪೇಸ್ಟ್ ಹಚ್ಚಿ ಕೂರಿಸಿದಳು. ಮಗಳ ಮುಖ ಉರಿದು, ಪೇಸ್ಟ್ ಒಣಗಿ ಸುಣ್ಣದ ಚುಕ್ಕಿಗಳಾಗಿ, ಬಾಗಿಲಿಗೆ ಬಂದ ಹಾಲಿನವನು ಹಾಲು ಹಾಕುವುದನ್ನು ಮರೆತು ನಿಂತ.

ಚನ್ನಗಿರಿಯಲ್ಲಿ ಒಂದು ಮೆಡಿಕಲ್ ಶಾಪಿನಲ್ಲಿ ಕೇಳಿ ಮಗಳೇ ಒಂದು ಕ್ರೀಮು ತಂದಿದ್ದಳು. ಮೊದಲು ಮುಖ ಬೆಳ್ಳಗೆ ನುಣ್ಣಗೆ ಆಯಿತು. ಬಿಟ್ಟ ಮೇಲೆ ಮೊದಲಿಗಿಂತ ಕೆಂಪಗೆ ಎದ್ದವು. ನಮ್ಮ ಯಜಮಾನರದು ಮಾತ್ರ ಯಾವ ಕಾರಣವೂ ಇರಲಿಲ್ಲ. "ನನಗೂ ಬಂದಿದ್ವು. ಹೋದ್ವು," ಅನ್ನುವರು. ಅಷ್ಟು ಅಂದು ಬೆಲ್ಟು ಬಿಗಿ ಮಾಡಲು ಗಿರಣಿಗೆ ಹೋಗುವರು.

ಇಷ್ಟೆಲ್ಲದರಲ್ಲಿ ಕೊನೆಗೆ ನಡೆದದ್ದು ಅತ್ತೆಯ ಮಾತೇ. ಉಷ್ಣಕ್ಕೆ ಎಣ್ಣೆ. ಜಗಳೂರಿನ ಅವರ ತಮ್ಮನ ಮನೆಯಲ್ಲಿ ಹೊಲದ ಬದುವಿನ ಹರಳು ಬೀಜವನ್ನು ಹುರಿದು, ಕುಟ್ಟಿ, ನೀರಿನಲ್ಲಿ ಕುದಿಸಿ ಹರಳೆಣ್ಣೆ ತೆಗೆಯುತ್ತಿದ್ದರು. ಆ ಕಡೆಯಿಂದ ಯಾರು ಬಂದರೂ ಒಂದು ಬಾಟಲಿ ಹಿಡಿದೇ ಬರುವರು. ಅತ್ತೆ ಅದಕ್ಕೆ ಕೊಬ್ಬರಿ ಎಣ್ಣೆ ಬೆರೆಸಿ, ದಾಸವಾಳದ ಎಲೆ ಮತ್ತು ಮೆಂತ್ಯ ಹಾಕಿ ಕಾಸುತ್ತಿದ್ದರು. ಮನೆಯೆಲ್ಲ ಅದೇ ವಾಸನೆ. ಬಣ್ಣ ಕಪ್ಪು ಹಸಿರು, ಮಂದ ಎಷ್ಟೆಂದರೆ ಬಾಟಲಿ ಬಗ್ಗಿಸಿದ ಮೇಲೆ ಒಂದಿಷ್ಟು ಹೊತ್ತು ಯೋಚನೆ ಮಾಡಿ ಹೊರಗೆ ಬರುತ್ತಿತ್ತು.

ದಿನಾ ಬೆಳಿಗ್ಗೆ ಅತ್ತೆ ಹಿತ್ತಲ ಮೆಟ್ಟಿಲ ಮೇಲೆ ಕೂರುವರು. ಕೆಳಗಿನ ಮೆಟ್ಟಿಲಲ್ಲಿ ಮಗಳು. ಅಂಗೈಯಲ್ಲಿ ಎಣ್ಣೆ ಸುರಿದುಕೊಂಡು ನೆತ್ತಿಗೆ ತಟ್ಟುವರು. ಆ ತಟ್ಟುವ ಸದ್ದು ಒಲೆಯ ಮುಂದೆ ಇದ್ದ ನನಗೂ ಕೇಳುತ್ತಿತ್ತು. ಆಮೇಲೆ ಬೆರಳು ಬಿಟ್ಟು ಬುಡದಿಂದ ತುದಿಯವರೆಗೆ ಹಚ್ಚಿ, ಬಿಗಿಯಾಗಿ ಜಡೆ ಹೆಣೆಯುವರು. ಕೊನೆಗೆ ಕೈಯಲ್ಲಿ ಉಳಿದ ಎಣ್ಣೆಯನ್ನು ಒಂದು ಸಲ ಹಣೆಯ ಮೇಲೆ ಎಳೆದು, ಹಾಗೇ ಕೆನ್ನೆಯ ಮೇಲೆ ಸವರಿ ಕೈ ಖಾಲಿ ಮಾಡುವರು. ಎಣ್ಣೆ ಬಟ್ಟೆಗೆ ಒರೆಸಿದರೆ ಅವರಿಗೆ ಆಗುತ್ತಿರಲಿಲ್ಲ. "ತಮ್ಮನ ಮನೇದು. ಬಟ್ಟಿಗೆ ಯಾಕೆ ಕುಡಿಸ್ಲಿ?"

ಗುಳ್ಳೆ ಜಾಸ್ತಿಯಾದರೆ, "ಉಷ್ಣ ಇನ್ನೂ ಇಳಿದಿಲ್ಲ," ಎಂದು ಎಣ್ಣೆ ಜಾಸ್ತಿ ಮಾಡುವರು. ಎಣ್ಣೆ ಜಾಸ್ತಿಯಾದಂತೆ ಗುಳ್ಳೆಯೂ ಜಾಸ್ತಿಯಾಗುತ್ತಿತ್ತು. ಆಗ ಅತ್ತೆ, "ಒಳಗಿಂದೆಲ್ಲ ಹೊರಕ್ಕೆ ಬರಾಕೆ ಹತ್ತೈತೆ, ಒಳ್ಳೇದೇ," ಅನ್ನುವರು.

ಮೇ ತಿಂಗಳ ಕೊನೆಯಲ್ಲಿ ಒಂದು ಬೆಳಿಗ್ಗೆ, ಮಗಳಿಗೆ ಎಣ್ಣೆ ಹಚ್ಚಿ, ಕೈ ತೊಳೆದು, ಕಾಫಿ ಕುಡಿದು ಲೋಟ ಕೆಳಗಿಟ್ಟ ಅತ್ತೆ ಗೋಡೆಗೆ ಒರಗಿದರು. ಲೋಟ ತೆಗೆದುಕೊಳ್ಳಲು ಹೋದ ನಾನು, ನಿದ್ದೆ ಹತ್ತಿದೆ ಅಂದುಕೊಂಡು ಸದ್ದಾಗದಂತೆ ವಾಪಸ್ ಬಂದೆ. ಹೃದಯ ನಿಂತದ್ದು ಎಂದು ಆಮೇಲೆ ಡಾಕ್ಟರು ಹೇಳಿದರು. ಇಷ್ಟೇ. ಇದಕ್ಕಿಂತ ಹೆಚ್ಚು ಆ ದಿನದ ಬಗ್ಗೆ ನನಗೆ ಬರೆಯಲು ಬರುವುದಿಲ್ಲ.

ನಮ್ಮ ಮನೆಯಲ್ಲಿ ಹಿರಿಯರು ತೀರಿಕೊಂಡರೆ ಮುಂದಿನ ದೊಡ್ಡ ಹಬ್ಬ ಬರುವ ತನಕ ಯಾರೂ ತಲೆಗೆ ಎಣ್ಣೆ ಮುಟ್ಟಿಸುವಂತಿಲ್ಲ. ಆ ಹಬ್ಬಕ್ಕೆ ಮನೆಯ ಹೆಣ್ಣುಮಗಳು ಬಂದು ಎಲ್ಲರ ತಲೆಗೆ ಎಣ್ಣೆ ಹಚ್ಚಿ ನೀರು ಹಾಕಬೇಕು. ಅಲ್ಲಿಗೆ ಸೂತಕ ಕಳೆದ ಹಾಗೆ. ನಮಗೆ ಮುಂದಿನ ದೊಡ್ಡ ಹಬ್ಬ ನಾಗರಪಂಚಮಿ. ಜೂನು ಪೂರ್ತಿ, ಜುಲೈ ಪೂರ್ತಿ ಎಣ್ಣೆಯ ಬಾಟಲಿ ಹಿತ್ತಲ ಗೂಡಿನಲ್ಲಿ ಸುಮ್ಮನೆ ಕೂತಿತ್ತು. ನಾನು ನೀರಿಗೆ ಹೋಗುವಾಗ ಬರುವಾಗ ಅದನ್ನು ನೋಡುತ್ತಿದ್ದೆ. ಮುಚ್ಚಳದ ಮೇಲೆ ಅತ್ತೆಯ ಹೆಬ್ಬೆರಳಿನ ಜಿಡ್ಡು ಇನ್ನೂ ಇತ್ತು.

ಮಗಳು ಮಾಸ್ಕ್ ಹಾಕಿಕೊಂಡೇ ಹೊಸ ಕಾಲೇಜಿಗೆ ಸೇರಿದಳು. ಒಣಗಿದ ಕೂದಲು ಗಾಳಿಗೆ ಹಾರುತ್ತಿತ್ತು. ಜುಲೈ ಅರ್ಧ ಕಳೆದಿರಬೇಕು, ಒಂದು ಸಂಜೆ ಬಸ್ಸಿಳಿದು ಬಂದು ಮುಖ ತೊಳೆದು ಟವೆಲ್ಲಿನಿಂದ ಒರೆಸಿಕೊಳ್ಳುತ್ತಿದ್ದವಳನ್ನು ನೋಡಿದೆ. ಹಣೆ ಸಾಫಾಗಿತ್ತು. ಕೆನ್ನೆಯಲ್ಲಿ ಕಲೆಗಳು ಮಾತ್ರ ಉಳಿದಿದ್ದವು. ಗುಳ್ಳೆ ಒಂದೋ ಎರಡೋ. ದುಃಖದಲ್ಲಿ ನಾವು ಯಾರೂ ಅವಳ ಮುಖ ನೋಡಿಯೇ ಇರಲಿಲ್ಲ ಅಂತ ಕಾಣುತ್ತದೆ.

ಎದುರುಮನೆಯ ದೊಡ್ಡಮ್ಮ ಹಾಲಿಗೆ ಹೆಪ್ಪು ಕೇಳಲು ಬಂದವರು ಬಾಗಿಲಲ್ಲೇ ನಿಂತುಬಿಟ್ಟರು. "ಅಲ್ಲಾ, ಮಾತು ಉಳಿಸ್ಕೊಂಡ್ಳಲ್ಲೇ ನಿಮ್ಮತ್ತೆ. ಕಟ್ಕೊಂಡು ಹೋಗ್ತೀನಿ ಅಂದಿದ್ಲು, ಹೋಗ್ಯಾಳೆ." ಹೆಪ್ಪು ಮರೆತು ಅವರು ಆ ಸುದ್ದಿಯನ್ನು ಬೀದಿಗೆಲ್ಲ ಹಂಚಿಬಂದರು. ಹೆಂಗಸರು ಬಂದು ಮಗಳ ಗಲ್ಲ ಹಿಡಿದೆತ್ತಿ ನೋಡಿ ಹೋದರು. ಒಬ್ಬರಂತೂ ಅತ್ತೆಯ ಫೋಟೋದ ಮುಂದೆ ನಿಂತು ತಮ್ಮ ಮಂಡಿನೋವಿನ ವಿಷಯವನ್ನೂ ಹೇಳಿಕೊಂಡರು. ನನಗೆ ನಗು ಬಂತು. ಅತ್ತೆ ತೀರಿಕೊಂಡ ಮೇಲೆ ಮೊದಲ ಸಲ ನಕ್ಕದ್ದು ಅದೇ ಇರಬೇಕು.

ಮಗಳು ಮಾತ್ರ ನಗಲಿಲ್ಲ. ಮಾಸ್ಕ್ ತೆಗೆದು ಕಾಲೇಜಿಗೆ ಹೋದಳು, ಗೆಳತಿಯರು, "ಇಷ್ಟು ಚಂದ ಇದೀಯ, ಯಾಕೆ ಮುಚ್ಕೊಂಡಿದ್ದೆ?" ಎಂದರಂತೆ. ಅದನ್ನು ಹೇಳುವಾಗಲೂ ಮುಖ ಸಣ್ಣಗಿತ್ತು. ಕನ್ನಡಿ ಮುಂದೆ ನಿಲ್ಲುವುದನ್ನೇ ಬಿಟ್ಟಿದ್ದಳು. ಒಂದು ಭಾನುವಾರ ಬಟ್ಟೆ ಮಡಿಸುವಾಗ ಕೇಳಿದಳು:

"ಅಮ್ಮ, ನಾನು ಯಾವಾಗ ಹೋಗ್ತೀಯ ಅಂತ ಕೇಳಿದ್ದಕ್ಕೇನಾ?"

ನನಗೆ ತಕ್ಷಣ ಅರ್ಥವಾಗಲಿಲ್ಲ. ಆದ ಮೇಲೆ ಕೈಯಲ್ಲಿದ್ದ ದಿಂಬಿನ ಚೀಲ ಕೆಳಗಿಟ್ಟೆ. "ಅದು ತಮಾಷಿಗೆ ಕೇಳಿದ್ದಲ್ವಾ? ಅಜ್ಜಿನೂ ನಕ್ಕಿದ್ರಲ್ಲ?" ಎಂದೆ.

"ನಕ್ಕಿದ್ಲು. ಆದ್ರೆ ಹೋದ್ಲಲ್ಲ. ಗುಳ್ಳೆನೂ ಹೋದ್ವಲ್ಲ."

ಹಾಗೆಲ್ಲ ಆಗುವುದಿಲ್ಲ ಎಂದೆ. ಅದು ಅವಳ ಕಿವಿಗೆ ಹೋಗಲಿಲ್ಲ. ಅಜ್ಜಿ ಮಾತು ಉಳಿಸಿಕೊಂಡಳು ಎಂದು ಬೀದಿಯವರು ಎಷ್ಟು ಸಂತೋಷದಿಂದ ಹೇಳುತ್ತಿದ್ದರೋ ಅಷ್ಟೂ ಅವಳು ಕುಗ್ಗುತ್ತಿದ್ದಳು. ಮುಖಕ್ಕೋಸ್ಕರ ಅಜ್ಜಿಯನ್ನು ಕಳೆದುಕೊಂಡೆ ಎಂಬುದು ಅವಳ ತಲೆಯಲ್ಲಿ ಕೂತಿತ್ತು.

ಪಂಚಮಿಗೆ ನಾದಿನಿ ಬಂದಳು. ಹೊಸ ಎಣ್ಣೆ ತಂದಿದ್ದಳು. ಗೂಡಿನಲ್ಲಿದ್ದ ಬಾಟಲಿ ನೋಡಿದವಳೇ ತಾನು ತಂದದ್ದನ್ನು ಪಕ್ಕಕ್ಕಿಟ್ಟಳು. "ಅವ್ವ ಕಾಸಿಟ್ಟಿದ್ದೇ ಹಚ್ಚಾನ ಅತ್ತಿಗೆ." ಅಣ್ಣನನ್ನು ಮಣೆಯ ಮೇಲೆ ಕೂರಿಸಿ ನೆತ್ತಿಗೆ ತಟ್ಟಿದಾಗ ಅದೇ ಸದ್ದು. ಯಜಮಾನರು ಕಣ್ಣು ಮುಚ್ಚಿಕೊಂಡು ಕೂತರು. ಎದ್ದಾಗ ಕಣ್ಣಿಗೆ ಎಣ್ಣೆ ಹೋಯಿತು ಎಂದರು. ಮಗಳ ಸರದಿಯಲ್ಲಿ ನಾದಿನಿ ಜಡೆ ಹೆಣೆದು, ಕೈಯಲ್ಲಿ ಉಳಿದದ್ದನ್ನು ಹಣೆಗೆ ಎಳೆದು ಕೆನ್ನೆಗೆ ಸವರಿದಳು. ಅವಳ ತಾಯಿಯ ಕೈ ಅವಳಿಗೆ ಬಂದಿತ್ತು. ಮಗಳು ತಿರುಗಿ, "ಅತ್ತೆ, ಇನ್ನೊಂದ್ಸಲ," ಎಂದಳು.

ನಾದಿನಿ ಹೊನ್ನಾಳಿಗೆ ಹೋದ ಮೇಲೆ ಆ ಕೆಲಸ ನನ್ನದಾಯಿತು. ಮಗಳೇ ದಿನಾ ಬೆಳಿಗ್ಗೆ ಬಾಟಲಿ ಹಿಡಿದು ಹಿತ್ತಲ ಮೆಟ್ಟಿಲಿಗೆ ಬರುತ್ತಿದ್ದಳು. "ಅಜ್ಜಿ ಹಚ್ಚಿದಂಗೇ ಹಚ್ಚು." ನಾನೂ ಹಾಗೇ ಹಚ್ಚಿದೆ. ತಟ್ಟುವುದು, ಹೆಣೆಯುವುದು, ಕೊನೆಗೆ ಕೈ ಖಾಲಿ ಮಾಡುವುದು. ನಿಜ ಹೇಳಬೇಕೆಂದರೆ ನನಗೂ ಆ ಹೊತ್ತು ಬೇಕಾಗಿತ್ತು. ಆ ವಾಸನೆಯಲ್ಲಿ ಮನೆಯಲ್ಲಿ ಇನ್ನೂ ಒಬ್ಬರು ಇದ್ದ ಹಾಗೆ ಇರುತ್ತಿತ್ತು.

ಗಣಪತಿ ಹಬ್ಬದ ಹೊತ್ತಿಗೆ ಹಣೆಯಲ್ಲಿ ಮತ್ತೆ ಸಾಸಿವೆ ಕಾಳು. ಆಮೇಲೆ ಕೆನ್ನೆ. ಗಣಪತಿ ಬಿಟ್ಟ ಮೇಲೆ ಮಾಸ್ಕ್ ವಾಪಸ್ ಬಂತು.

ಎದುರುಮನೆ ದೊಡ್ಡಮ್ಮ ಬಂದು ನೋಡಿ ಗಲ್ಲಕ್ಕೆ ಕೈ ಇಟ್ಟರು. "ತಿರುಗಿ ಕಳಿಸ್ಯಾಳೆ. ಸಿಟ್ಟಾಗ್ಯಾಳೆ ನಿಮ್ಮತ್ತೆ. ಎಡೆ ಇಡಾದ್ರಾಗೆ ಏನು ಬಿಟ್ರಿ?"

"ಏನೂ ಬಿಟ್ಟಿಲ್ಲ ದೊಡ್ಡಮ್ಮ. ಹೋಳಿಗೆ, ಪಾಯಸ ಎಲ್ಲ ಇಟ್ಟಿದ್ವಿ."

"ಹೋಳಿಗಿ ಯಾರಿಗೆ ಬೇಕು? ಅವಳಿಗೆ ಮಂಡಕ್ಕಿ ಮೆಣಸಿನಕಾಯಿ ಅಂದ್ರೆ ಪ್ರಾಣ. ಅದನ್ನ ಇಟ್ಟೀರೇನ್ರಿ?"

ಅದನ್ನು ಇಟ್ಟಿರಲಿಲ್ಲ. ಅಮಾವಾಸ್ಯೆಗೆ ಯಜಮಾನರು ಬಿಸಿ ಮೆಣಸಿನಕಾಯಿ ಬಜ್ಜಿ ಕಟ್ಟಿಸಿಕೊಂಡು ಬಂದರು. ನಾನು ಮಂಡಕ್ಕಿಗೆ ಒಗ್ಗರಣೆ ಹಾಕಿದೆ. ಫೋಟೋದ ಮುಂದೆ ಬಾಳೆ ಎಲೆಯಲ್ಲಿ ಮಂಡಕ್ಕಿಯ ಗುಡ್ಡೆ, ಸುತ್ತ ಮೆಣಸಿನಕಾಯಿ, ಪಕ್ಕದಲ್ಲಿ ಹೆಚ್ಚಿದ ಈರುಳ್ಳಿ. ಅತ್ತೆ ಇದ್ದಿದ್ದರೆ ಕೈ ಮುಗಿಯುವುದಕ್ಕೂ ಬಿಡದೆ ಎತ್ತಿಕೊಂಡು ತಿನ್ನುತ್ತಿದ್ದರು. ದೊಡ್ಡಮ್ಮ ಪ್ರಸಾದವೆಂದು ಒಂದಿಷ್ಟು ಕಟ್ಟಿಕೊಂಡು ಹೋದರು. ಮಗಳು ಎಡೆಯ ಮುಂದೆ ಬಹಳ ಹೊತ್ತು ಕಣ್ಣು ಮುಚ್ಚಿ ನಿಂತಿದ್ದಳು. ತುಟಿ ಅಲ್ಲಾಡುತ್ತಿತ್ತು. ಕ್ಷಮೆ ಕೇಳುತ್ತಿದ್ದಾಳೆ ಎಂದು ನನಗೆ ಗೊತ್ತಾಯಿತು. ಮಂಡಕ್ಕಿಯಿಂದ ಗುಳ್ಳೆಗೆ ಏನೂ ಆಗಲಿಲ್ಲ. ಅವಳು ಒಂದು ದಿನ ತಲೆನೋವು ಎಂದಳು, ಇನ್ನೊಂದು ದಿನ ಬಸ್ಸು ತಪ್ಪಿತು ಎಂದಳು, ಹೀಗೆ ಕಾಲೇಜು ತಪ್ಪಿಸತೊಡಗಿದಳು.

ಹೊನ್ನಾಳಿಗೆ ಹೊರಗಿನಿಂದ ಚರ್ಮದ ಡಾಕ್ಟರೊಬ್ಬರು ವಾರಕ್ಕೊಮ್ಮೆ ಬರುತ್ತಾರೆ ಎಂದು ನಾದಿನಿ ಹೇಳಿದಳು. ಮಗಳನ್ನು ಕರೆದುಕೊಂಡು ಹೋದೆ. ನಾದಿನಿಯೂ ಜೊತೆಗೆ ಒಳಗೆ ಬಂದಳು. ಡಾಕ್ಟರು ನನ್ನ ವಯಸ್ಸಿನ ಹೆಂಗಸು. ಮಗಳ ಮಾಸ್ಕ್ ತೆಗೆಸಿ, ಮುಖವನ್ನು ಬೆಳಕಿಗೆ ತಿರುಗಿಸಿ ನೋಡಿದರು.

"ಮೇಡಂ, ಇದು ಉಷ್ಣನೇನ್ರಿ?" ನಾದಿನಿ ಶುರು ಮಾಡಿದಳು.

"ಉಷ್ಣ ಅಲ್ಲಮ್ಮ."

"ಶೇಂಗಾ?"

"ಶೇಂಗಾ ಪಾಪ ಏನು ಮಾಡಿತು? ಸಿಹಿ, ಬೇಕರಿ ತಿಂಡಿ ಜಾಸ್ತಿ ತಿಂದರೆ ಕೆಲವರಿಗೆ ಹೆಚ್ಚಾಗಬಹುದು. ಆದರೆ ಮೂಲ ಅದಲ್ಲ."

"ಹೊಟ್ಟಿ ಸಾಫಾಗದಿದ್ರೆ?" ಇದನ್ನು ಕೇಳಿದ್ದು ನಾನು, ನನ್ನ ಅವ್ವನ ಪರವಾಗಿ. ಮಗಳು ಕುರ್ಚಿಯಲ್ಲೇ ಮುದುರಿಕೊಂಡಳು. ಡಾಕ್ಟರು ನಕ್ಕು, ಕಾಗದದ ಮೇಲೆ ಒಂದು ಸಣ್ಣ ಮಡಕೆಯಂಥದ್ದನ್ನು ಬರೆದು ತೋರಿಸಿದರು. ಚರ್ಮದ ಕೆಳಗೆ, ಕೂದಲ ಬುಡದಲ್ಲಿ ಇಂಥ ಎಣ್ಣೆಯ ಗ್ರಂಥಿಗಳಿರುತ್ತವಂತೆ. ಚರ್ಮ ಒಣಗದ ಹಾಗೆ ಅವು ತಾವೇ ಎಣ್ಣೆ ಬಿಡುತ್ತವೆ. ಈ ವಯಸ್ಸಿನಲ್ಲಿ ಹಾರ್ಮೋನು ಏರಿ ಎಣ್ಣೆ ಜಾಸ್ತಿಯಾಗುತ್ತದೆ. ಉದುರಿದ ಚರ್ಮದ ಪುಡಿ ಅದಕ್ಕೆ ಅಂಟಿಕೊಂಡು ಬಾಯಿ ಕಟ್ಟಿಕೊಳ್ಳುತ್ತದೆ. ಚರ್ಮದ ಮೇಲೆ ಯಾವಾಗಲೂ ಇರುವ ಬ್ಯಾಕ್ಟೀರಿಯಾ ಒಳಗೆ ಸಿಕ್ಕಿದ ಎಣ್ಣೆಯಲ್ಲಿ ಬೆಳೆಯುತ್ತದೆ, ಆಗ ಕೆಂಪಗೆ ಊದುತ್ತದೆ. ನನಗೆ ಬೇಗ ಅರ್ಥವಾಯಿತು. ಮಳೆಗಾಲದಲ್ಲಿ ಹಸಿ ಜೋಳ ಬೀಸಿದರೆ ನಮ್ಮ ಗಿರಣಿಯ ಬಾಯಿಗೂ ಹೀಗೇ ಹಿಟ್ಟು ಮೆತ್ತಿ ಕಟ್ಟಿಕೊಳ್ಳುತ್ತದೆ. ಹೊರಗಿನಿಂದ ಎಷ್ಟು ಬಡಿದರೂ ಬಿಡುವುದಿಲ್ಲ.

"ಮನೇಲಿ ಬೇರೆ ಯಾರಿಗಾದರೂ ಇತ್ತಾ?" ಡಾಕ್ಟರು ಕೇಳಿದರು.

"ಇವರಪ್ಪನಿಗೆ ಇದ್ವು. ನನಗೂ ಇದ್ವು," ಎಂದಳು ನಾದಿನಿ. ಕಣ್ಣು ಹಾಕಿದವನ ಕಥೆಯನ್ನು ಮಾತ್ರ ಅಲ್ಲಿ ತೆಗೆಯಲಿಲ್ಲ.

ಡಾಕ್ಟರು ಮಗಳ ಮುಖವನ್ನು ಮತ್ತೆ ಎಡಕ್ಕೂ ಬಲಕ್ಕೂ ತಿರುಗಿಸಿದರು. "ಹಣೆಯಲ್ಲಿ ಇದೆ. ಬಲಗೆನ್ನೆಯಲ್ಲಿ ಇಷ್ಟೊಂದು ಇದೆ, ಎಡಗೆನ್ನೆಯಲ್ಲಿ ಅಷ್ಟಿಲ್ಲ. ಬಲಮಗ್ಗುಲಿಗೆ ಮಲಗ್ತೀಯಾ? ಫೋನು ಬಲಗಡೆ ಇಟ್ಕೊಂಡು ಮಾತಾಡ್ತೀಯಾ?"

ಎರಡೂ ಇಲ್ಲ ಎಂದಳು ಮಗಳು.

"ತಲೆಗೆ ಎಣ್ಣೆ ಯಾರು ಹಚ್ಚೋದು?"

"ನಾನೇ," ಎಂದೆ.

"ಹೇಗೆ ಹಚ್ತೀರಿ, ತೋರಿಸಿ ನೋಡೋಣ."

ನಾನು ಮಗಳ ಕುರ್ಚಿಯ ಹಿಂದೆ ನಿಂತೆ. ಬರಿಗೈಯಲ್ಲಿ ನೆತ್ತಿ ತಟ್ಟಿದೆ, ಜಡೆ ಹೆಣೆದ ಹಾಗೆ ಮಾಡಿದೆ, ಕೊನೆಗೆ ಬಲಗೈಯನ್ನು ಹಣೆಯ ಮೇಲೆ ಎಳೆದು ಹಾಗೇ ಕೆನ್ನೆಗೆ ಇಳಿಸಿದೆ. ನನ್ನ ಅಂಗೈ ಮಗಳ ಬಲಗೆನ್ನೆಯ ಮೇಲೆ ನಿಂತಿತು. ಕೈಯ ಕೆಳಗೆ ಗುಳ್ಳೆಗಳು. ಕೈ ಎಷ್ಟಿತ್ತೋ ಗುಳ್ಳೆಗಳು ಇದ್ದದ್ದೂ ಅಷ್ಟೇ ಜಾಗದಲ್ಲಿ.

ನಾದಿನಿ ಸಣ್ಣ ದನಿಯಲ್ಲಿ, "ನಮ್ಮವ್ವನೂ ಹಿಂಗೇ ಹಚ್ಚೋಳು," ಎಂದಳು.

ಹರಳೆಣ್ಣೆ, ಕೊಬ್ಬರಿ ಎಣ್ಣೆ ಮಂದ, ಮೊದಲೇ ಎಣ್ಣೆಯಿರುವ ಮುಖದ ಮೇಲೆ ಬಿದ್ದರೆ ಕಟ್ಟಿಕೊಂಡಿದ್ದು ಇನ್ನಷ್ಟು ಕಟ್ಟಿಕೊಳ್ಳುತ್ತದೆ ಎಂದರು ಡಾಕ್ಟರು. ವಯಸ್ಸು ತಂದದ್ದನ್ನು ಎಣ್ಣೆ ಹೆಚ್ಚು ಮಾಡಿತ್ತು. ಅದರ ಮೇಲೆ ಮಾಸ್ಕಿನ ಬೆವರು ಬೇರೆ. ಮೆಡಿಕಲ್ ಶಾಪಿನ ಆ ಕ್ರೀಮಿನ ಟ್ಯೂಬನ್ನೂ ಜೊತೆಗೆ ಒಯ್ದಿದ್ದೆವು; ಅದನ್ನು ನೋಡಿ, ಇದರಲ್ಲಿ ಸ್ಟೀರಾಯ್ಡ್ ಇದೆ, ಇನ್ನು ಮುಟ್ಟಬೇಡ ಎಂದು ಕಸದ ಬುಟ್ಟಿಗೆ ಹಾಕಿದರು. ಟೂತ್‌ಪೇಸ್ಟ್ ಹಲ್ಲಿಗೆ ಮಾತ್ರ ಎಂದರು. ನಾದಿನಿ ಗೋಡೆಯ ಕ್ಯಾಲೆಂಡರ್ ನೋಡಿದಳು.

ಮಗಳು ಕುರ್ಚಿಯಲ್ಲಿ ಮುಂದಕ್ಕೆ ಬಾಗಿದಳು. "ಮೇಡಂ, ಎಣ್ಣೆ ನಿಲ್ಲಿಸಿದ್ರೆ ತಾವಾಗೇ ಕಡಿಮೆ ಆಗ್ತವಾ? ಯಾರೂ ಏನೂ ಮಾಡದಿದ್ರೂ?"

"ಎಣ್ಣೆಯಿಂದ ಹೆಚ್ಚಾಗಿದ್ದು ಕಡಿಮೆ ಆಗುತ್ತೆ. ಕೆಲವು ವಾರ ಹಿಡಿಯುತ್ತೆ."

"ಮತ್ತೆ ಹಚ್ಚಿದ್ರೆ?"

"ಮತ್ತೆ ಬರುತ್ತೆ."

"ಹಂಗಾದ್ರೆ ಅಜ್ಜಿ ತಗೊಂಡು ಹೋಗಿಲ್ಲ. ವಾಪಸ್ಸೂ ಕಳಿಸಿಲ್ಲ."

"ಯಾವ ಅಜ್ಜಿ?" ಎಂದರು ಡಾಕ್ಟರು, ಔಷಧಿ ಬರೆಯುವುದನ್ನು ನಿಲ್ಲಿಸಿ. ನಾನು ಏನೂ ಇಲ್ಲ ಎಂದೆ. ಹೊರಗೆ ಇನ್ನೂ ಜನ ಕಾಯುತ್ತಿದ್ದರು, ನಮ್ಮ ಅತ್ತೆಯ ಕಥೆ ಉದ್ದ.

ಹೊರಗೆ ಬಂದದ್ದೇ ಮಗಳು ನಗಲು ಶುರು ಮಾಡಿದಳು. ಔಷಧಿ ಅಂಗಡಿಯ ಮುಂದೆ ನಿಂತು ನಕ್ಕಳು, ಕಬ್ಬಿನ ಹಾಲಿನ ಗಾಡಿಯ ಮುಂದೆ ನಕ್ಕಳು. "ಅಜ್ಜಿಗೆ ಮಂಡಕ್ಕಿ ಬೇರೆ ಇಟ್ವಿ," ಎಂದು ಮತ್ತೆ ನಕ್ಕಳು. ನಕ್ಕೂ ನಕ್ಕೂ ಕೊನೆಗೆ ಅಲ್ಲೇ ಬೆಂಚಿನ ಮೇಲೆ ಕೂತು ಅತ್ತಳು. ಅಜ್ಜಿ ಹೋದಾಗಲೂ ಅವಳು ಹಾಗೆ ಅತ್ತಿರಲಿಲ್ಲ.

ನಾದಿನಿಗೆ ಮಾತ್ರ ಮುಖ ಗಂಟಾಗಿತ್ತು. "ಅಲ್ಲಾ ಅತ್ತಿಗೆ, ನಮ್ಮವ್ವ ಅಷ್ಟು ದೂರದಿಂದ ಎಣ್ಣಿ ತರಿಸಿ, ಕಾಸಿ, ದಿನಾ ಕೂತು ಹಚ್ಚಿದ್ಲು. ಅದೇ ತಪ್ಪಾತಾ?"

ನನಗೂ ಹಾಗೇ ಅನ್ನಿಸಿತ್ತು. ಬೀದಿಯವರ ಕಥೆಯಲ್ಲಿ ಅತ್ತೆ ಎಷ್ಟು ಚೆನ್ನಾಗಿದ್ದರು. ಕೊಟ್ಟ ಮಾತು ಉಳಿಸಿಕೊಂಡಿದ್ದರು. ಈಗ ಡಾಕ್ಟರ ಕಾಗದದ ಮೇಲಿನ ಮಡಕೆಯಲ್ಲಿ ಅವರದೇ ಎಣ್ಣೆ ಕಟ್ಟಿಕೊಂಡು ಕೂತಿತ್ತು.

ಉತ್ತರ ಕೊಟ್ಟವಳು ಮಗಳು, ಕರ್ಚೀಫಿನಲ್ಲಿ ಮುಖ ಒರೆಸಿಕೊಳ್ಳುತ್ತ. "ತಪ್ಪಲ್ಲ ಬಿಡತ್ತೆ. ಗುಳ್ಳೆ ಅಜ್ಜಿ ಕೊಟ್ಟಿದ್ದು ಅಂದ್ರೆ ನನಗೆ ಅಡ್ಡಿಯಿಲ್ಲ. ನಾನು ಕೇಳಿದ್ದಕ್ಕೆ ತಗೊಂಡು ಹೋದ್ಲು ಅಂದ್ರೆ ತಡ್ಕೊಳ್ಳಾಕೆ ಆಗ್ತಿರಲಿಲ್ಲ."

ನಾದಿನಿ ಮೂವರಿಗೂ ಕಬ್ಬಿನ ಹಾಲು ಹೇಳಿದಳು. ಬಂದ ಲೋಟವನ್ನು ಸೋದರಸೊಸೆಯ ಕೈಗೆ ಕೊಡುವ ಮುಂಚೆ ತಡೆದು, "ಸಿಹಿ ಐತಲ್ಲೇ ಇದು. ಡಾಕ್ಟರು ಏನಂದ್ರು?" ಎಂದಳು. ಮಗಳು ಕಸಿದುಕೊಂಡು ಕುಡಿದಳು. ತ್ಯಾವಣಿಗೆಗೆ ಬರುವಾಗ ಬಸ್ಸಿನಲ್ಲಿ ಮಾಸ್ಕ್ ಹಾಕಿಕೊಳ್ಳಲಿಲ್ಲ. ಪಕ್ಕದ ಸೀಟಿನ ಅಜ್ಜಿಯೊಬ್ಬರು ಅವಳ ಕೆನ್ನೆ ನೋಡಿ, "ಉಷ್ಣ ಆಗೈತೆ ತಂಗಿ, ನೆತ್ತಿಗೆ ಎಣ್ಣಿ ಹಾಕ್ಯ," ಎಂದರು. "ಹೂಂ ಅಜ್ಜಿ, ಹಾಕ್ತೀನಿ," ಎಂದಳು.

ಎದುರುಮನೆ ದೊಡ್ಡಮ್ಮನಿಗೆ ವಿಷಯ ಹೇಳಿದೆ. ಅವರು ಎಲ್ಲ ಕೇಳಿ, ಡಾಕ್ಟರಿಗೆ ಏನು ಗೊತ್ತು ಎಂದು ಎದ್ದು ಹೋದರು. ಬೀದಿಯಲ್ಲಿ ಈಗಲೂ ಹಳೆಯ ಕಥೆಯೇ ನಡೆಯುತ್ತಿದೆ. ನಾನು ತಿದ್ದಲು ಹೋಗಿಲ್ಲ.

ಮಗಳು ಈಗ ವಾರಕ್ಕೊಮ್ಮೆ ಕೂದಲ ತುದಿಗಷ್ಟೇ ತೆಳ್ಳಗಿನ ಎಣ್ಣೆ ಮುಟ್ಟಿಸಿ, ತೊಳೆದುಬಿಡುತ್ತಾಳೆ. ಡಾಕ್ಟರು ಕೊಟ್ಟ ಜೆಲ್ಲನ್ನು ಮಲಗುವಾಗ ಹಚ್ಚುತ್ತಾಳೆ. ಗುಳ್ಳೆ ಪೂರ್ತಿ ಹೋಗಿಲ್ಲ, ಪರೀಕ್ಷೆ ಹತ್ತಿರ ಬಂದರೆ ಒಂದೆರಡು ಏಳುತ್ತವೆ. ಕಾಲೇಜು ತಪ್ಪಿಸುವುದಿಲ್ಲ.

ಬಾಟಲಿಯ ತಳದಲ್ಲಿ ಎಣ್ಣೆ ಇನ್ನೂ ಸ್ವಲ್ಪ ಉಳಿದಿತ್ತು. ಚೆಲ್ಲಲು ನನಗೆ ಮನಸ್ಸಾಗಲಿಲ್ಲ, ಇಟ್ಟುಕೊಳ್ಳಲೂ ಕಾರಣವಿರಲಿಲ್ಲ. ದೀಪಾವಳಿಯ ದಿನ ಬೆಳಿಗ್ಗೆ ಮಗಳು ಅದನ್ನು ತೆಗೆದುಕೊಂಡು ಹಿತ್ತಲಿಗೆ ಬಂದಳು. ಅತ್ತೆ ಕೂರುತ್ತಿದ್ದ ಮೇಲಿನ ಮೆಟ್ಟಿಲಲ್ಲಿ ಕೂತು, ಕೆಳಗಿನ ಮೆಟ್ಟಿಲು ತೋರಿಸಿದಳು.

"ಬಾ ಕುಂದ್ರು. ನಿನಗೆ ಗುಳ್ಳೆ ಏಳೋ ವಯಸ್ಸು ಮುಗಿದೈತೆ."

ಕೂತೆ. ಅವಳು ಬಾಟಲಿ ಬಗ್ಗಿಸಿದಳು. ಎಣ್ಣೆ ಎಂದಿನಂತೆ ತಡ ಮಾಡಿ ಬಂತು. ನೆತ್ತಿಗೆ ತಟ್ಟಿದಳು, ಸ್ವಲ್ಪ ಜೋರಾಗಿಯೇ. ಕೂದಲು ಬಿಡಿಸುವಾಗ ಎಳೆದಳು, ನಾನು ಹಾ ಎಂದರೆ, "ಅಲ್ಲಾಡಬ್ಯಾಡ ಕೂಸೇ," ಎಂದಳು, ಅತ್ತೆಯ ದನಿಯಲ್ಲಿ. ಜಡೆ ಮುಗಿಸಿ, ಕೈಯಲ್ಲಿ ಉಳಿದದ್ದನ್ನು ನನ್ನ ಹಣೆಯ ಮೇಲೆ ಎಳೆದು ಬಲಗೆನ್ನೆಗೆ ಸವರಿ ಕೈ ಖಾಲಿ ಮಾಡಿದಳು. ಬಾಟಲಿಯೂ ಖಾಲಿಯಾಯಿತು.

ಅದಾದ ಮೇಲೆ ಕೆಲವು ದಿನ, ತಲೆ ಬಾಚುವಾಗ ಕನ್ನಡಿಯಲ್ಲಿ ಬಲಗೆನ್ನೆ ತಿರುಗಿಸಿ ನೋಡಿಕೊಳ್ಳುತ್ತಿದ್ದೆ, ಒಂದಾದರೂ ಎದ್ದಿದೆಯೇ ಎಂದು. ಯಾವುದೂ ಏಳಲಿಲ್ಲ.